ಕೂಲಿಯ ಋಣ, ಹಾದಿಯ ಋಣ

ಋಣವೆಂದರೆ ಪತ್ರ ಬರೆದು ಸಹಿ ಹಾಕಿ ಪಡೆದ ಸಾಲವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಂತಹ ಸಾಲಕ್ಕೆ ವಾಯಿದೆಯುಂಟು, ಬಡ್ಡಿಯುಂಟು, ಸಾಕ್ಷಿಯುಂಟು. ತಪ್ಪಿದರೆ ಬಾಗಿಲಿಗೆ ಬಂದು ಕೇಳುವವರೂ ಉಂಟು. ಆದರೆ ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ ನಮ್ಮ ಮೇಲೆ ಬೆಳೆಯುವ ಎರಡು ಋಣಗಳಿವೆ. ಒಂದು, ದುಡಿದವನಿಗೆ ಸಲ್ಲಬೇಕಾಗಿ ಇನ್ನೂ ಸಲ್ಲದಿರುವ ಕೂಲಿ. ಇನ್ನೊಂದು, ದಿನವೂ ನಾವು ತುಳಿದು ಸವೆಸುತ್ತ ದುರಸ್ತಿಯನ್ನು ಮಾತ್ರ ಮುಂದಕ್ಕೆ ಹಾಕುತ್ತ ಬಂದ ಊರಿನ ಹಾದಿ. ಮೊದಲನೆಯದರ ಸಾಲಗಾರನು ಬಡವ. ಗಟ್ಟಿಯಾಗಿ ಕೇಳಿದರೆ ನಾಳೆಯ ಕೆಲಸವೂ ತಪ್ಪೀತೆಂದು ಅಂಜುವವನು. ಎರಡನೆಯದರ ಸಾಲಗಾರರು ನಮ್ಮ ಮಕ್ಕಳು. ಅವರಿನ್ನೂ ಕೇಳುವ ವಯಸ್ಸಿಗೆ ಬಂದಿಲ್ಲ. ಕೇಳಲಾರದವರ ಋಣವನ್ನು ತೀರಿಸುವುದರಲ್ಲಿಯೇ ಮನುಷ್ಯನ ಧರ್ಮಬುದ್ಧಿಯ ನಿಜವಾದ ಪರೀಕ್ಷೆಯಿದೆ. ಈ ಎರಡು ಋಣಗಳೂ ಮೂಲದಲ್ಲಿ ಒಂದೇ ಎಂಬುದನ್ನು ಸದ್ಭಕ್ತ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಆತ ಪಟ್ಟಣದಲ್ಲಿ ರಸ್ತೆಯ ಕೆಲಸವನ್ನು ಗುತ್ತಿಗೆ ಹಿಡಿದು ಮಾಡಿಸುವವನು. ಬೆಳಗಾಗೆದ್ದು ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಯನ್ನು ನಿಷ್ಠೆಯಿಂದ ಮಾಡುತ್ತಾನೆ. ಜಾತ್ರೆಯ ದಾಸೋಹಕ್ಕೆ ವರ್ಷವೂ ತಪ್ಪದೆ ಹತ್ತು ಮೂಟೆ ಅಕ್ಕಿಯನ್ನು ಕಳುಹಿಸುತ್ತಾನೆ. ದುಶ್ಚಟಗಳಿಲ್ಲ, ಮಾತಿನಲ್ಲಿ ಕಠೋರತೆಯಿಲ್ಲ. ಆದರೆ ಆತನ ಬಳಿ ಜಲ್ಲಿ ಹೊತ್ತು ಡಾಂಬರು ಹಾಸಿದ ಇಪ್ಪತ್ತು ಜನರಿಗೆ ಎರಡು ತಿಂಗಳ ಕೂಲಿ ಸಂದಿಲ್ಲ. ಕೇಳಿದರೆ, "ಕಚೇರಿಯಿಂದ ಬಿಲ್ಲು ಬಂದಿಲ್ಲ, ಬಂದೊಡನೆ ಕೊಡುತ್ತೇನೆ, ನಾನೇನು ಓಡಿಹೋಗುವೆನೇ?" ಎನ್ನುತ್ತಾನೆ. ಆತ ಸುಳ್ಳು ಹೇಳುತ್ತಿಲ್ಲ. ಬಿಲ್ಲು ನಿಜವಾಗಿಯೂ ಬಂದಿಲ್ಲ. ಹಾಗಾದರೆ ಆ ವರ್ಷ ಆತ ಕಳುಹಿಸಿದ ಹತ್ತು ಮೂಟೆ ಅಕ್ಕಿ ದಾಸೋಹವೆನಿಸಿತೇ? ಇದೇ ನಮ್ಮ ಪ್ರಶ್ನೆ. ಆತ ಕೆಟ್ಟವನಾಗಿದ್ದರೆ ಉತ್ತರ ಸುಲಭವಾಗಿತ್ತು. ಒಳ್ಳೆಯವನಾಗಿರುವುದರಿಂದಲೇ ಪ್ರಶ್ನೆ ಬಿಗಿಯಾಗಿದೆ.

ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ ಲಕ್ಕಮ್ಮ ತಾಯಿ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಯಾರ ಬಾಯಿಂದಲೂ ಕಿತ್ತದ್ದಲ್ಲ. ಆದರೂ ತಮ್ಮ ಕಾಯಕದ ಅಳತೆಗೆ ಮೀರಿದ್ದು ತಮ್ಮದಲ್ಲವೆಂದು ಆ ತಾಯಿ ಕಂಡಳು. ದಾಸೋಹದ ಬೆಲೆ ಮೂಟೆಗಳ ಎಣಿಕೆಯಲ್ಲಿಲ್ಲ, ಅಕ್ಕಿ ಬಂದ ದಾರಿಯಲ್ಲಿದೆ ಎಂಬ ನಿರ್ಣಯವನ್ನು ಆಕೆ ಪಂಡಿತರನ್ನು ಕೇಳದೆಯೇ ಕೊಟ್ಟಳು. ಇನ್ನು ನಮ್ಮ ಗುತ್ತಿಗೆದಾರನ ಮೂಟೆಗಳನ್ನು ಆಕೆಯ ಹೊಸ್ತಿಲಿನ ಮುಂದೆ ಇಟ್ಟರೆ ಏನಾದೀತು? ಅಲ್ಲಿ ಅಳತೆಗೆ ಮೀರಿದ ಅಕ್ಕಿಯಷ್ಟೇ; ಇಲ್ಲಿ ಮತ್ತೊಬ್ಬರಿಗೆ ಈಗಾಗಲೇ ಸೇರಿಹೋದ ಅಕ್ಕಿ. ದುಡಿಮೆ ಮುಗಿದ ಕ್ಷಣದಲ್ಲಿಯೇ ಕೂಲಿ ದುಡಿದವನದಾಯಿತು. ಆ ಬಳಿಕ ಅದು ಧಣಿಯ ಪೆಟ್ಟಿಗೆಯಲ್ಲಿದ್ದರೆ ಅದು ಅವನ ಹಣವಲ್ಲ, ಅವನಲ್ಲಿರುವ ಇಡಗಂಟು.

ಆದರೂ ಆತನ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಬಿಲ್ಲು ಬರದೆ ಕೂಲಿಯನ್ನು ಎಲ್ಲಿಂದ ಕೊಡುವುದು? ಕಚೇರಿಯನ್ನು ಕೇಳಿದರೆ ಅನುದಾನ ಬಿಡುಗಡೆಯಾಗಿಲ್ಲ ಎನ್ನುತ್ತಾರೆ. ಅನುದಾನ ಕೊಡುವವರನ್ನು ಕೇಳಿದರೆ ತೆರಿಗೆ ವಸೂಲಾಗಿಲ್ಲ ಎನ್ನುತ್ತಾರೆ. ಹೀಗೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತ ಹೋದರೆ ಸರಪಳಿಯ ಪ್ರತಿಯೊಂದು ಕೊಂಡಿಯೂ ನಿರ್ದೋಷಿಯೆನಿಸುತ್ತದೆ. ಆದರೆ ಕಟ್ಟಕಡೆಯಲ್ಲಿರುವವನ ಮನೆಯ ಒಲೆ ಮಾತ್ರ ತಣ್ಣಗಿರುತ್ತದೆ. ಎಲ್ಲರೂ ನಿರ್ದೋಷಿಗಳಾಗಿದ್ದು ಒಬ್ಬನು ಉಪವಾಸವಿರುವುದಾದರೆ, ದೋಷವನ್ನು ಎಣಿಸುವ ನಮ್ಮ ಲೆಕ್ಕದಲ್ಲಿಯೇ ತಪ್ಪಿದೆಯೆಂದು ತಿಳಿಯತಕ್ಕದ್ದು.

ಈ ವಿಷಯದಲ್ಲಿ ನಾಡಿನ ಕಾಯಿದೆಯು ನಮ್ಮ ಅಂತಃಕರಣಕ್ಕಿಂತ ಮುಂದೆ ನಡೆದಿದೆಯೆಂದು ಒಪ್ಪಬೇಕಾಗುತ್ತದೆ. 1936ರ ವೇತನ ಪಾವತಿ ಕಾಯಿದೆಯು, ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ತಿಂಗಳು ಮುಗಿದ 7 ದಿನಗಳೊಳಗೆ, ಅದಕ್ಕೂ ಹೆಚ್ಚಿರುವ ಕಡೆ 10 ದಿನಗಳೊಳಗೆ ಸಂಬಳ ಸಲ್ಲಬೇಕೆಂದು ವಿಧಿಸಿತ್ತು. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಅದನ್ನು ಕೊಟ್ಟು, ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು ಹೇಳಿತು. 2019ರಲ್ಲಿ ಅಂಗೀಕೃತವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯು ತಿಂಗಳ ಸಂಬಳಕ್ಕೆ ಮುಂದಿನ ತಿಂಗಳ 7ನೆಯ ದಿನವನ್ನು ಗಡುವಾಗಿ ಇಟ್ಟಿದೆ. ಕೆಲಸ ಬಿಟ್ಟವನಿಗೆ ಅಥವಾ ಬಿಡಿಸಲ್ಪಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಲ್ಲಬೇಕೆಂದಿದೆ. ಯಾವ ಕಾರಣಕ್ಕೂ ಹಿಡಿತಗಳೆಲ್ಲ ಸೇರಿ ಸಂಬಳದ ಅರ್ಧವನ್ನು ಮೀರಕೂಡದೆಂದಿದೆ. "ಬಿಲ್ಲು ಬಂದ ಮೇಲೆ" ಎಂಬ ಮಾತಿಗೆ ಈ ಯಾವ ಕಾಯಿದೆಯಲ್ಲಿಯೂ ಎಡೆಯಿಲ್ಲ. ಕಾಯಿದೆ ಕಂಡ ತತ್ತ್ವ ಸರಳವಾದುದು: ಕಾಯುವ ಕಷ್ಟ ಯಾರಿಗಾದರೂ ಬರಲೇಬೇಕಾದರೆ ಅದು ಕಾಯಬಲ್ಲವನಿಗೆ ಬರಲಿ, ಕಾಯಲಾರದವನಿಗೆ ಬೇಡ.

ಏಕೆಂದರೆ ತಡವೆಂಬುದು ಎಲ್ಲರಿಗೂ ಒಂದೇ ಅಲ್ಲ. ಧಣಿಗೆ ಒಂದು ತಿಂಗಳ ತಡವೆಂದರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಕೂಲಿಕಾರನಿಗೆ ಅದು ಅಂಗಡಿಯ ಉದ್ರಿ, ಮನೆ ಬಾಡಿಗೆಯ ಮಾತು, ಮಗಳ ಶಾಲೆಯ ಫೀಜು, ಕೈಬಡ್ಡಿಗೆ ತಂದ ಸಾಲ. ಕೂಲಿ ತಡವಾಗಿ ಬಂದರೂ ಪೂರ್ತಿ ಬಂದಿತಲ್ಲವೇ ಎನ್ನುವವರುಂಟು. ಪೂರ್ತಿ ಬರಲಿಲ್ಲ, ಬಡ್ಡಿಯವನ ಪಾಲನ್ನು ಕಳೆದು ಉಳಿದದ್ದು ಬಂದಿತು. ಅದಕ್ಕಿಂತಲೂ ಕೆಟ್ಟದ್ದು ಕೇಳುವ ಅವಮಾನ. ತನ್ನದನ್ನೇ ತಾನು ಬೇಡಿ ಪಡೆಯಬೇಕಾದಾಗ ಕಾಯಕದಿಂದ ಬಂದ ಘನತೆ ಅಳಿದು ಮನುಷ್ಯನು ಯಾಚಕನಾಗುತ್ತಾನೆ. ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಶರಣರ ನಾಡಿನಲ್ಲಿ ದುಡಿದವನನ್ನು ಭಿಕ್ಷುಕನ ಮಟ್ಟಕ್ಕೆ ಇಳಿಸುವುದಕ್ಕಿಂತ ದೊಡ್ಡ ಅಪಚಾರ ಇನ್ನಾವುದು?

ತಡವಲ್ಲದೆ ತಪ್ಪುಗಳೂ ಉಂಟು. ಹಾಜರಿ ಪುಸ್ತಕದಲ್ಲಿ ಒಂದು ದಿನ ಬಿಟ್ಟುಹೋಗುತ್ತದೆ. ಬ್ಯಾಂಕಿನ ಖಾತೆಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಹೆಸರಾಗಿ ಹಣ ಮರಳಿ ಹೋಗುತ್ತದೆ. ಭವಿಷ್ಯನಿಧಿಗೆಂದು ಸಂಬಳದಿಂದ ಹಿಡಿದ ಶೇಕಡಾ 12ರ ಪಾಲು ಮುಂದಿನ ತಿಂಗಳ 15ರೊಳಗೆ ನಿಧಿಗೆ ಕಟ್ಟಲ್ಪಡದೆ ಧಣಿಯ ಕೈಯಲ್ಲಿಯೇ ತಿರುಗುತ್ತಿರುತ್ತದೆ. ಮನುಷ್ಯರು ಬರೆಯುವ ಲೆಕ್ಕದಲ್ಲಿ ತಪ್ಪು ಸಹಜ. ಆದರೆ ತಪ್ಪು ಕಂಡ ಮೇಲೆ ನಡೆಯುವ ರೀತಿಯಲ್ಲಿ ಧರ್ಮಾಧರ್ಮಗಳು ಬೇರೆಯಾಗುತ್ತವೆ. ಹೆಚ್ಚು ಕೊಟ್ಟ ತಪ್ಪು ಅದೇ ವಾರ ಗೊತ್ತಾಗಿ, ಕಡಿಮೆ ಕೊಟ್ಟ ತಪ್ಪು ಆರು ತಿಂಗಳಾದರೂ ಗೊತ್ತಾಗದಿದ್ದರೆ ಅದನ್ನು ಲೆಕ್ಕದ ತಪ್ಪೆನ್ನುವಂತಿಲ್ಲ, ಮನಸ್ಸಿನ ತಪ್ಪೆನ್ನಬೇಕು. ನಾಲ್ವರಿಗೆ ಕೆಲಸ ಕೊಟ್ಟಿರುವ ಯಾವ ಗೃಹಸ್ಥನಾದರೂ ಪಾಲಿಸಬಹುದಾದ ನಿಯಮಗಳಿವೆ. ಸಂಬಳದ ದಿನವನ್ನು ಗೊತ್ತುಪಡಿಸಿ ಹಬ್ಬದಂತೆ ತಪ್ಪದೆ ಆಚರಿಸುವುದು. ಎಷ್ಟು ದಿನದ ಕೆಲಸ, ಎಷ್ಟು ಹಿಡಿತ, ಯಾವುದಕ್ಕೆ ಹಿಡಿತ ಎಂಬುದನ್ನು ತೋರಿಸುವ ಚೀಟಿಯನ್ನು ಕೈಗೆ ಕೊಡುವುದು. ಓದು ಬಾರದವನಿಗೆ ಓದಿ ಹೇಳುವುದು. ತಪ್ಪು ತನಗೆ ಮೊದಲು ಕಂಡರೆ ಅವನು ಕೇಳುವುದಕ್ಕೆ ಮುಂಚೆಯೇ ಹೇಳಿ, ಮುಂದಿನ ತಿಂಗಳಿಗೆ ಕಾಯದೆ ಅಂದೇ ತೀರಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಕೆಲಸವನ್ನು ಒಪ್ಪಿಕೊಳ್ಳುವುದಕ್ಕೆ ಮೊದಲು ಎರಡು ಮೂರು ತಿಂಗಳ ಕೂಲಿಯನ್ನು ಬೇರೆಯಾಗಿ ತೆಗೆದಿರಿಸುವುದು. ಅಷ್ಟು ಶಕ್ತಿಯಿಲ್ಲದಿದ್ದರೆ ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕದಿರುವುದು.

ಇನ್ನು ಹಾದಿಯ ಮಾತು. ರಸ್ತೆಯೂ ಒಂದು ದೇಹವೇ. ಹಾಸಿದ ದಿನ ಕಪ್ಪಾಗಿ ನುಣುಪಾಗಿರುವ ಡಾಂಬರು ಬಿಸಿಲಿಗೂ ಗಾಳಿಗೂ ವರ್ಷ ವರ್ಷ ಒಣಗಿ ಗಡುಸಾಗುತ್ತದೆ. ಗಡುಸಾದದ್ದು ಬಗ್ಗಲಾರದೆ ಬಿರಿಯುತ್ತದೆ. ಕೂದಲೆಳೆಯಂತಹ ಆ ಬಿರುಕಿನಲ್ಲಿ ಮಳೆಯ ನೀರು ಇಳಿದು ಕೆಳಗಿನ ಜಲ್ಲಿಯ ಪದರವನ್ನೂ ಅದರ ಕೆಳಗಿನ ಮಣ್ಣನ್ನೂ ಮೆತ್ತಗೆ ಮಾಡುತ್ತದೆ. ಆಗ ಭಾರದ ಗಾಡಿಯೊಂದು ಹಾಯ್ದರೆ ಮೇಲ್ಪದರ ಕುಸಿದು ಗುಂಡಿ ಬೀಳುತ್ತದೆ. ನಾವು ಗುಂಡಿಯನ್ನು ರೋಗವೆಂದು ತಿಳಿಯುತ್ತೇವೆ. ಅದು ರೋಗದ ಕೊನೆಯ ಲಕ್ಷಣ ಮಾತ್ರ. ರೋಗ ಹತ್ತಿದ್ದು ಬಿರುಕು ಮೂಡಿದ ದಿನ, ಅಥವಾ ಪಕ್ಕದ ಚರಂಡಿ ಕಟ್ಟಿಕೊಂಡು ನೀರು ರಸ್ತೆಯ ಮೇಲೆ ನಿಂತ ದಿನ, ಇಲ್ಲವೇ ನಲ್ಲಿಗೋ ತಂತಿಗೋ ಅಗೆದು ಸರಿಯಾಗಿ ಮುಚ್ಚದೆ ಹೋದ ದಿನ.

ಭಾರದ ವಿಷಯವಂತೂ ಆಶ್ಚರ್ಯಕರವಾದುದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಪ್ರಾಂತದ ಒಟ್ಟಾವಾ ಎಂಬ ಊರಿನ ಬಳಿ, ಬೇರೆ ಬೇರೆ ದಪ್ಪದ ರಸ್ತೆಗಳ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನು ಓಡಿಸಿ ಪರೀಕ್ಷಿಸಿದರು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಯ ಸವೆತ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟಾಗುತ್ತದೆಂದು ಅದರಿಂದ ತಿಳಿಯಿತು. ನಮ್ಮ ದೇಶದಲ್ಲಿ 2018ರಲ್ಲಿ ಲಾರಿಯ ಒಂಟಿ ಅಚ್ಚಿನ ಭಾರಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಭಾರ ಹೆಚ್ಚಿದ್ದು ಎಂಟರಲ್ಲಿ ಒಂದು ಪಾಲಿನಷ್ಟು. ಅದೇ ನಿಯಮದಂತೆ ಎಣಿಸಿದರೆ ಸವೆತ ಸುಮಾರು ಒಂದೂವರೆ ಪಾಲಿಗೂ ಮೀರುತ್ತದೆ. ಇದರಿಂದ ವ್ಯಾಪಾರಕ್ಕೆ ಅನುಕೂಲವಾಯಿತೆಂಬುದು ನಿಜ. ಆದರೆ ಬಂದ ಲಾಭ ಒಬ್ಬರ ಖಾತೆಗೆ, ಆದ ಸವೆತ ಊರಿನ ಖಾತೆಗೆ ಎಂಬುದೂ ನಿಜ. ಕಾಣದ ಋಣ ಹುಟ್ಟುವ ಬಗೆ ಇದೇ.

ಕೂಲಿಗೂ ಹಾದಿಗೂ ಇರುವ ನಂಟನ್ನು ಚರಿತ್ರೆಯು ಬಹಳ ಚೆನ್ನಾಗಿ ತೋರಿಸಿದೆ. ಇಂಗ್ಲೆಂಡಿನಲ್ಲಿ 1555ರ ಶಾಸನದಂತೆ ಪ್ರತಿಯೊಂದು ಹಳ್ಳಿಯವರೂ ವರ್ಷಕ್ಕೆ ನಾಲ್ಕು ದಿನ, ಮುಂದೆ ಆರು ದಿನ, ರಸ್ತೆಯ ಮೇಲೆ ಕೂಲಿಯಿಲ್ಲದೆ ದುಡಿಯಬೇಕಾಗಿತ್ತು. ಈ ಬಿಟ್ಟಿ ದುಡಿಮೆ 1835ರವರೆಗೂ ಕಾಯಿದೆಯಲ್ಲಿ ಉಳಿಯಿತು. ಫ್ರಾನ್ಸಿನಲ್ಲಿಯೂ ರೈತರನ್ನು ಹಿಡಿದು ರಸ್ತೆ ಮಾಡಿಸುವ ಬಿಟ್ಟಿ ಚಾಕರಿಯಿತ್ತು. ಹಾಗೆ ಹಿಡಿದು ತಂದವರಿಂದ ವರ್ಷಕ್ಕೆ ಒಂದೆರಡು ಸಲ ಮಾತ್ರ ದುರಸ್ತಿ ಸಾಧ್ಯವಾಗುತ್ತಿದ್ದುದರಿಂದ, ನಡುವಿನ ತಿಂಗಳುಗಳನ್ನು ತಾಳಿಕೊಳ್ಳಲೆಂದು ರಸ್ತೆಗೆ ಬಹು ದಪ್ಪನಾಗಿ ಕಲ್ಲು ತುಂಬಬೇಕಾಗುತ್ತಿತ್ತು. ಲಿಮೋಜ್ ಪ್ರಾಂತದ ಆಡಳಿತಗಾರನಾಗಿ 1761ರಲ್ಲಿ ಬಂದ ಟ್ಯುರ್ಗೋ ಎಂಬಾತನು ತನ್ನ ಸೀಮೆಯಲ್ಲಿ ಈ ಬಿಟ್ಟಿಯನ್ನು ನಿಲ್ಲಿಸಿ, ತೆರಿಗೆಯ ಹಣದಿಂದ ಕೂಲಿ ಕೊಟ್ಟು ಕೆಲಸ ಮಾಡಿಸತೊಡಗಿದನು. ಆಗ ಅಲ್ಲಿಯ ಇಂಜಿನಿಯರ್ ಟ್ರೆಸಾಗೇ ಎಂಬಾತನಿಗೆ ಒಂದು ಹೊಸ ದಾರಿ ಹೊಳೆಯಿತು. ಕೂಲಿ ಪಡೆಯುವ ಜನರು ವರ್ಷವಿಡೀ ರಸ್ತೆಯನ್ನು ನೋಡಿಕೊಳ್ಳುವುದಾದರೆ ಅಷ್ಟು ದಪ್ಪನಾದ ಹಾಸು ಬೇಕಿಲ್ಲ. ಸುಮಾರು ಹತ್ತು ಅಂಗುಲದ, ಸರಿಯಾಗಿ ಜೋಡಿಸಿದ ಕಲ್ಲಿನ ಹಾಸೇ ಸಾಕು. 1775ರಲ್ಲಿ ಆತ ಬರೆದಿಟ್ಟ ಈ ಪದ್ಧತಿಯು ಮುಂದಿನ ರಸ್ತೆ ನಿರ್ಮಾಣಕ್ಕೆ ಒಂದು ತಳಹದಿಯಾಯಿತು. ಟ್ಯುರ್ಗೋ ಮಂತ್ರಿಯಾಗಿ 1776ರಲ್ಲಿ ಬಿಟ್ಟಿಯನ್ನು ಇಡೀ ರಾಜ್ಯದಲ್ಲಿ ರದ್ದುಮಾಡಿದನು. ಅದೇ ವರ್ಷ ಆತ ಪದಚ್ಯುತನಾದ ಮೇಲೆ ಅದು ಮತ್ತೆ ತಲೆಯೆತ್ತಿತು. ಆದರೆ ಪಾಠ ಅಳಿಯಲಿಲ್ಲ. ಕೂಲಿ ಸರಿಯಾಗಿ ಸಂದ ಕಡೆ ರಸ್ತೆಗೆ ಕಡಿಮೆ ಕಲ್ಲು ಸಾಕಾಯಿತು. ಅನ್ಯಾಯವನ್ನು ಮುಚ್ಚಲು ಎಷ್ಟು ಕಲ್ಲು ಸುರಿದರೂ ಸಾಲದು.

ಹಳೆಯ ರಸ್ತೆಗಳನ್ನು ನೋಡಿಕೊಳ್ಳುವ ವಿವೇಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಊರಿನಲ್ಲಿ ಹತ್ತು ಬೀದಿಗಳಿವೆ ಎಂದಿಟ್ಟುಕೊಳ್ಳೋಣ: ಎರಡು ಪೂರ್ತಿ ಕೆಟ್ಟಿವೆ, ಐದರಲ್ಲಿ ಬಿರುಕು ಮೂಡಿದೆ, ಮೂರು ಚೆನ್ನಾಗಿವೆ. ಕೂಗು ಏಳುವುದು ಕೆಟ್ಟ ಎರಡು ಬೀದಿಗಳಿಂದ. ಇರುವ ಹಣವೆಲ್ಲ ಅವುಗಳನ್ನು ಅಗೆದು ಹೊಸದಾಗಿ ಕಟ್ಟುವುದಕ್ಕೆ ಹೋದರೆ, ಅಷ್ಟರಲ್ಲಿ ಬಿರುಕಿನ ಐದು ಬೀದಿಗಳೂ ಕುಸಿಯುತ್ತವೆ. ಮುಂದಿನ ವರ್ಷ ಕೆಟ್ಟವುಗಳ ಸಂಖ್ಯೆ ಎರಡಲ್ಲ, ಐದು. ಬಿರುಕನ್ನು ತುಂಬಿ, ಮೇಲೆ ತೆಳುವಾದ ಹಾಸು ಹಾಕಿ, ಚರಂಡಿಯನ್ನು ಬಿಡಿಸುವ ಖರ್ಚು ಹೊಸ ರಸ್ತೆಯ ಖರ್ಚಿನ ಒಂದು ಸಣ್ಣ ಪಾಲು ಮಾತ್ರ. ಆದುದರಿಂದ ಬಲ್ಲವರು ಪ್ರತಿವರ್ಷ ಪ್ರತಿಯೊಂದು ಬೀದಿಯನ್ನೂ ನಡೆದು ನೋಡಿ ಅದರ ವಯಸ್ಸು, ಬಿರುಕು, ನೀರಿನ ಹರಿವುಗಳನ್ನು ಬರೆದಿಟ್ಟುಕೊಂಡು, ಬಿರುಕಿನ ಬೀದಿಗಳಿಗೆ ಮೊದಲು ಹಣವನ್ನು ಕಾದಿರಿಸುತ್ತಾರೆ. ಕೆಟ್ಟ ಬೀದಿಗಳಲ್ಲಿ ಜನರು ಬೀಳದಂತೆ ಗುಂಡಿಗಳನ್ನು ಮುಚ್ಚಿಸಿ, ಅವುಗಳನ್ನು ಒಂದೊಂದಾಗಿ ಕಟ್ಟುತ್ತಾರೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಬೆಳಗಿನ ಹೊತ್ತು ಬೀದಿ ಚರಂಡಿಗಳನ್ನು ತಾವೇ ಸುತ್ತಿ ನೋಡುತ್ತಿದ್ದರೆಂಬುದನ್ನು ಹಿರಿಯರು ನೆನೆಯುತ್ತಿದ್ದರು. ಯಂತ್ರಗಳು ಎಷ್ಟೇ ಬರಲಿ, ಬಿರುಕನ್ನು ಕಾಣಲು ಮೊದಲು ಬೇಕಾದುದು ನೋಡುವ ಮನಸ್ಸು.

ಆದರೆ ಬಿರುಕು ತುಂಬಿದ ಕೆಲಸಕ್ಕೆ ಯಾರೂ ಹೆಸರಿನ ಕಲ್ಲು ನೆಡುವುದಿಲ್ಲ. ಹೊಸ ರಸ್ತೆಗೆ ಉದ್ಘಾಟನೆಯುಂಟು, ಹಾರವುಂಟು, ಫಲಕವುಂಟು. ಅಹಂಕಾರ ಹೊಸದನ್ನು ಕಟ್ಟಬಯಸುತ್ತದೆ. ಇರುವುದನ್ನು ಕಾಯುವ ಕೆಲಸದಲ್ಲಿ ಅದಕ್ಕೆ ರುಚಿಯಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ ಮಹಾತ್ಮರು. ಲೋಕೋಪಕಾರಕ್ಕಾಗಿ ಬಾಳನ್ನೇ ತೆತ್ತವರು. ಅಂತಹವರ ಬಳಿಗೆ ಅಲ್ಲಮಪ್ರಭುಗಳು ಬಂದು ಅವರನ್ನು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೆರೆ ಕಟ್ಟುವುದು ತಪ್ಪೆಂದು ಪ್ರಭುಗಳ ಅಭಿಪ್ರಾಯವೆಂದು ತಿಳಿದರೆ ನಾವು ಅದನ್ನು ಅಪಾರ್ಥ ಮಾಡಿಕೊಂಡಂತೆ. ಕಟ್ಟಿದೆನೆಂಬ ಭಾವ ಒಳಗೆ ಕಟ್ಟಿಕೊಂಡರೆ ಹೊರಗಿನ ಕೆರೆಯಿಂದ ಒಳಗಿನ ದಾಹ ಇಂಗದೆಂಬುದೇ ಅಲ್ಲಿಯ ಎಚ್ಚರಿಕೆ. ಈ ಎಚ್ಚರಿಕೆ ಇಂದಿನ ನಗರಗಳಿಗೂ ಸಲ್ಲುತ್ತದೆ. ಹೆಸರು ಬಯಸದೆ ಮಾಡುವ ಕೆಲಸವನ್ನು ಹುಡುಕಿಕೊಂಡು ಹೋಗಬೇಕೆನ್ನುವವರಿಗೆ ಹಳೆಯ ರಸ್ತೆಯ ಬಿರುಕಿಗಿಂತ ಒಳ್ಳೆಯ ಎಡೆ ದೊರೆಯಲಾರದು.

ಇದೇ ರೀತಿ ಹೆಸರಿಲ್ಲದೆ ಬೀದಿಯನ್ನು ಕಾಯುವವರು ಪೌರಕಾರ್ಮಿಕರು. ಚರಂಡಿಗೆ ಕಸ ಬೀಳದಂತೆ ನೋಡಿಕೊಳ್ಳುವ ಅವರ ಪೊರಕೆಯೇ ರಸ್ತೆಯ ಮೊದಲ ದುರಸ್ತಿ. ಬೆಂಗಳೂರಿನಲ್ಲಿ ಅವರ ಸಂಬಳ ಬಹುಕಾಲ ಗುತ್ತಿಗೆದಾರರ ಕೈಯಿಂದ ಹಾದು ಬರುತ್ತಿತ್ತು. 2018ರಲ್ಲಿ ನೇರ ಪಾವತಿಯ ಪದ್ಧತಿ ಬಂದಿತು. 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ಖಾಯಂ ನೇಮಕದ ಪತ್ರ ದೊರೆಯಿತು. ಸರಪಳಿಯಿಂದ ಒಂದು ಕೊಂಡಿಯನ್ನು ತೆಗೆದುಹಾಕಬೇಕೆಂದು ಮನಸ್ಸು ಮಾಡಿದರೆ ತೆಗೆಯಬಹುದೆಂಬುದಕ್ಕೆ ಇದು ಸಾಕ್ಷಿ.

ಈಗ ಆ ಸರಪಳಿಯ ಮೇಲಿನ ತುದಿಯನ್ನು ನೋಡೋಣ. ತೆರಿಗೆ ವಸೂಲಾಗಿಲ್ಲವೆಂದು ಹೇಳಿದರಷ್ಟೆ. ಆ ತೆರಿಗೆ ಯಾರದು? ಮನೆಯ ಅಳತೆಯನ್ನು ಕಡಿಮೆ ಬರೆದುಕೊಟ್ಟವರು, ಬಾಡಿಗೆಯನ್ನು ಮುಚ್ಚಿಟ್ಟವರು, ರಿಯಾಯಿತಿ ಬಂದೀತೆಂದು ವರ್ಷಗಟ್ಟಲೆ ಕಾದವರು ಯಾರು? ನಾವೇ. ನಾವು ಉಳಿಸಿಕೊಂಡ ಆಸ್ತಿ ತೆರಿಗೆ ಕಚೇರಿಯ ಕೊರತೆಯಾಗಿ, ಗುತ್ತಿಗೆದಾರನ ಬಾಕಿಯಾಗಿ, ಕಟ್ಟಕಡೆಗೆ ಕೂಲಿಕಾರನ ಒಲೆಯಲ್ಲಿ ಬೂದಿಯಾಗಿ ಕಾಣಿಸಿಕೊಳ್ಳುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದವರು. ರಾಜ್ಯದ ಹಣವನ್ನು ದಾಸೋಹಕ್ಕೆ ಬಳಸಿದರೆಂಬ ಅಪವಾದ ಬಂದಾಗ ಲೆಕ್ಕವನ್ನು ಮುಂದಿಟ್ಟು ಒಂದು ಕಾಸೂ ಕೊರೆಯಿಲ್ಲವೆಂದು ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ಊರಿನ ಹಣ ಬೇರೆ, ತನ್ನ ಭಕ್ತಿಯ ಹಣ ಬೇರೆ ಎಂಬ ಈ ಎಚ್ಚರ ಭಕ್ತಿಗೆ ಹೊರಗಿನದಲ್ಲ, ಭಕ್ತಿಯ ಮೊದಲ ಮೆಟ್ಟಿಲು.

ಹಾಗಾದರೆ ನಮ್ಮ ಗುತ್ತಿಗೆದಾರನು ಮಾಡಬೇಕಾದುದೇನು? ಬಿಲ್ಲು ಬರುವವರೆಗಿನ ಭಾರವನ್ನು ಆತನೇ ಹೊರಬೇಕು. ಬೇಕಾದರೆ ತನ್ನ ನಿವೇಶನವನ್ನು ಒತ್ತೆಯಿಟ್ಟು ಬಡ್ಡಿಯನ್ನು ತಾನು ತೆರಲಿ. ಬಡ್ಡಿ ಯಾರಾದರೊಬ್ಬರು ತೆರಲೇಬೇಕಾದುದು, ತೆರಬಲ್ಲವನು ತೆರಲಿ. ಕಚೇರಿಯ ಮೇಲೆ ಕಾಯಿದೆಯಂತೆ ಹಕ್ಕು ಸಾಧಿಸಲಿ, ತನ್ನಂಥವರೊಡನೆ ಸೇರಿ ನ್ಯಾಯ ಕೇಳಲಿ. ಆದರೆ ಕೂಲಿಕಾರರ ಹಸಿವನ್ನು ತನ್ನ ವಾದಕ್ಕೆ ಆಯುಧವಾಗಿ ಬಳಸದಿರಲಿ. ಆ ವರ್ಷ ಕೂಲಿ ತೀರಿಸಿ ಉಳಿದದ್ದು ಅರ್ಧ ಮೂಟೆ ಅಕ್ಕಿಯಾದರೆ ಅರ್ಧ ಮೂಟೆಯನ್ನೇ ತರಲಿ; ಏನೂ ಉಳಿಯದಿದ್ದರೆ ಬರಿಗೈಯಲ್ಲಿ ಬಂದು ಪಂಕ್ತಿಯಲ್ಲಿ ಬಡಿಸಲಿ. ಆತನ ಬರಿಗೈ ಆಗ ಹತ್ತು ಮೂಟೆಗಿಂತ ಭಾರವಾಗಿರುತ್ತದೆ. ಕಾಣಿಕೆಯನ್ನು ಸ್ವೀಕರಿಸುವ ಮಠಗಳಿಗೂ ಇಲ್ಲಿ ಒಂದು ಹೊಣೆಯುಂಟು. ಎಷ್ಟು ತಂದೆ ಎಂದು ಕೇಳುವ ಮೊದಲು, ನಿನ್ನಲ್ಲಿ ದುಡಿದವರ ಬಾಕಿ ತೀರಿತೇ ಎಂದು ಕೇಳುವ ದಿಟ್ಟತನ ನಮಗೆ ಬಂದರೆ ಲಕ್ಕಮ್ಮ ತಾಯಿಯ ಹೊಸ್ತಿಲು ಮತ್ತೆ ನಮ್ಮ ಕಣ್ಣಿಗೆ ಬಿದ್ದಂತಾಗುತ್ತದೆ.

ಕೂಲಿಯನ್ನು ಅಂದಂದಿಗೆ ಸಲ್ಲಿಸುವುದು ಇಂದಿನವರಿಗೆ ಮಾಡುವ ನ್ಯಾಯ. ಹಾದಿಯನ್ನು ಕಾಲಕಾಲಕ್ಕೆ ಕಾಯುವುದು ನಾಳಿನವರಿಗೆ ಮಾಡುವ ನ್ಯಾಯ. ಎರಡರಲ್ಲಿಯೂ ಶತ್ರು ಒಂದೇ: "ಸದ್ಯಕ್ಕೆ ನಡೆಯಲಿ, ಆಮೇಲೆ ನೋಡೋಣ" ಎಂಬ ಮಾತು. ಈ ಮಾತನ್ನಾಡಿದಾಗಲೆಲ್ಲ ನಾವು ಯಾರೋ ಒಬ್ಬರ ಹೆಸರಿನಲ್ಲಿ ಅವರನ್ನು ಕೇಳದೆ ಸಾಲ ಮಾಡಿರುತ್ತೇವೆ. ಬೆಳಗಿನ ಪೂಜೆಗೆ ಕುಳಿತಾಗ ಅಂಗೈಯ ಲಿಂಗದ ಮುಂದೆ ಇಷ್ಟನ್ನು ಕೇಳಿಕೊಂಡರೆ ಸಾಕು: ಇಂದು ನಾನು ಯಾರಿಗಾದರೂ ಕೊಡಬೇಕಾದುದು ನನ್ನ ಬಳಿ ಉಳಿದಿದೆಯೇ? ಉಳಿದಿದ್ದರೆ ಪೂಜೆಯನ್ನು ಮುಗಿಸಿ ಮೊದಲು ಅತ್ತ ನಡೆಯೋಣ.